ಸ್ಟಾರ್ಟರ್ ಇಲ್ಲದ ಗಾಡಿ, ಕನ್ಯಾ ಸಿಗದ ಮಗ

ಹಳೇ ಪಿಕಪ್ ಗಾಡಿ, ಅದಕಿಂತ ಹಠದ ಗಂಡ, ಎರಡೂ ಒಂದ ಮನ್ಯಾಗ ಇದ್ರ ನಗೂ ಪ್ರಸಂಗ ಹುಡಕ್ಕೊಂಡ ಹೋಗೂದ ಬ್ಯಾಡ್ರಿ. ಅವ ಬಾಗಲಕ್ಕ ಬಂದು ನಿಂದರತಾವ.

ಇಳಿಜಾರದ ಅತ್ತಿ

ಜಕ್ಕಲ್ಯಾಗ ನಮ್ಮ ಪಿಕಪ್ಪಿಗೆ ಚಾವಿ ತಿರುವಿದ್ರ ಟಕ್ ಅಂತಿತ್ತು, ಅಷ್ಟ. ರೋಣದ ಗ್ಯಾರೇಜಿನವ ನೋಡಿ, ಸ್ಟಾರ್ಟರ್ ಮೋಟರ್ ಹೋಗೇತಿ, ಬ್ಯಾರೇದು ಹಾಕಬೇಕು ಅಂದ. ನಮ್ಮ ಮನಿಯವರು ಒಪ್ಪಲಿಲ್ಲ. ಓಡೂದು ಎಂಜಿನ್, ಸ್ಟಾರ್ಟರ್ ಬರೇ ಎಬ್ಬಸೂದು, ಎಬ್ಬಸಾಕ ಇಳಿಜಾರ ಸಾಕು ಅಂತ ಅವರ ವಾದ. ಎರಿ ಹೊಲದ ಸಪಾಟ ನಾಡಿನ್ಯಾಗ ಇಳಿಜಾರ ಎಲ್ಲಿಂದ ತರೂದ್ರಿ? ಊರಾಗ ಓಣಿಯವರು ದಬ್ಬತಿದ್ರು. ಹೊರಗ ಹುಡುಕಿ ಹುಡುಕಿ ಲಕ್ಕಲಕಟ್ಟಿಯ ಇವರ ಸೋದರತ್ತಿ ಮನಿ ಮುಂದ ಒಂದು ಸಿಕ್ತು. ಮಾತ ಬಿಟ್ಟಿದ್ದ ಆಕಿ ಮನಿಗೇ ನಮ್ಮ ಹೋಗೂದು ಬರೂದು ಶುರು ಆತು. ಕಡೀಕೂ ರಕ್ತಸಂಬಂಧ ನೆನಪಾತಲ್ಲ ಅಂತ ಅತ್ತಿ ಕಣ್ಣೀರ ಹಾಕಿದ್ಲು. ಇಳಿಜಾರದ ಮಾತ ಎತ್ತದ ನಾ ಇನ್ನೊಂದ ಹೋಳಿಗಿ ಹಾಕಿಸ್ಕೊಂಡೆ.

ನರಗುಂದದ ಉಪ್ಪಿಟ್ಟು

ಮಗಗ ಮೂವತ್ತು ದಾಟಿತ್ತು. ಒಕ್ಕಲತನ ಮಾಡೋ ಹುಡುಗಗ ಈಗ ಹೆಣ್ಣ ಕೊಡೋರು ಯಾರದಾರ? ನನಗ ಅದ ಒಂದ ಚಿಂತಿ. ನರಗುಂದದಾಗ ಕನ್ಯಾ ಐತಿ ಅಂತ ಸುದ್ದಿ ಬಂತು, ಹ್ವಾದ್ವಿ. ಅವರ ಓಣಿ ಸಪಾಟ. ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲಂತ ನಮ್ಮವರು ಎಂಜಿನ್ ಹಂಗ ಬಿಟ್ಟು ಒಳಗ ಬಂದು ಕುಂತ್ರು. ಉಪ್ಪಿಟ್ಟೂ ಬಂತು, ಹೊಗಿನೂ ಬಂತು. ಹೊಲ ಎಷ್ಟೈತಿ ಅಂತ ಕೇಳಾಕ ಹುಡುಗಿ ಅಪ್ಪ ಒದರಬೇಕಾತು. ಆಕಿ ಹೆಸರಂತೂ ನಮಗ ಕೇಳಲೇ ಇಲ್ಲ. ಗಾಡಿ ಬಂದ್ ಮಾಡದಷ್ಟ ಅವಸರ ಇದ್ದವರ ಮನಿಗೆ ಹೆಣ್ಣ ಕೊಡೂದಿಲ್ಲಂತ ಹೇಳಿ ಕಳಿಸಿದ್ರು. ನಾ ಅತ್ತೆ. "ಹೋಗ್ಲಿ ಬಿಡ, ಆ ಮಂದಿ ಭಾಳ ಒದರತಾರ" ಅಂದ್ರು ನಮ್ಮವರು.

ಗಜೇಂದ್ರಗಡದಾಗ ಹೊಸಾ ಸ್ಟಾರ್ಟರ್

ಗಜೇಂದ್ರಗಡದ ಸೀರಿ ನೇಯೋರ ಮನಿಯಿಂದ ಮಾತ ಬಂದಾಗ ನಾ ಪಟ್ಟ ಹಿಡದೆ. ಸ್ಟಾರ್ಟರ್ ಹಾಕಸ್ರಿ, ಇಲ್ಲಂದ್ರ ಗಾಡಿ ಹತ್ತೂದಿಲ್ಲ ಅಂದೆ. ಹಾಕಿಸಿದ್ರು. ಹಾಕಿಸಿದ ಮ್ಯಾಲ ಮಂದಿಗೆ ತೋರಸಬೇಕಲ್ಲ? ದಾರ್ಯಾಗ ಗುರ್ತಿನವರು ಕಂಡಲ್ಲೆಲ್ಲಾ ಬಂದ್ ಮಾಡಿ, ಚಾಲೂ ಮಾಡಿ ತೋರಿಸಿದ್ರು. ಕನ್ಯಾದವರ ಮನಿ ಮುಂದೂ ಆತು.

ಹುಡುಗಿ ಚಲೋ ಇದ್ಲು, ಮಾತೂ ಚಲೋ ನಡೀತು. ಫೋನ್ ಮಾಡಿ ತಿಳಸ್ತೀವಿ ಅಂತ ಪದ್ಧತಿ ಪ್ರಕಾರ ಹೇಳಿ ಎದ್ವಿ. ಹೊರಗ ಬಂದು ಚಾವಿ ತಿರುವಿದ್ರ ಗಾಡಿಗೆ ಉಸರ ಇಲ್ಲ. ತೋರಿಸಿ ತೋರಿಸಿ ಹಳೇ ಬ್ಯಾಟರಿ ಖಾಲಿ ಆಗಿತ್ತು. ಈ ಸಂಬಂಧನೂ ಹೋತು ಅನ್ಕೊಂಡೆ. ಹುಡುಗಿ ಅಪ್ಪ, ಕಾಕಾ, ನನ್ನ ಮಗ, ನಾ, ಎಲ್ಲಾರೂ ದಬ್ಬಿದ್ವಿ. ಕಡೀಕ ಹುಡುಗೀನೂ ಸೆರಗ ಸಿಗಿಸಿ ಮಗನ ಬಾಜೂಕ ಬಂದು ನಿಂತ್ಲು.

ಗಾಡಿ ಚಾಲೂ ಆತು. ನಿಂತ್ರ ಎಲ್ಲಿ ಬಂದ್ ಬೀಳತೇತೋ ಅಂತ ನಮ್ಮವರು ಹಿಂದ ನೋಡದ, ನನ್ನೂ ಮಗನ್ನೂ ಅಲ್ಲೇ ಬಿಟ್ಟು ಹೊಂಟ ಹ್ವಾದ್ರು.

ನಾವು ಮತ್ತ ಒಳಗ ಹೋಗಿ ಕುಂತ್ವಿ. ಪಾಪ, ಅವರು ಊಟಕ್ಕ ಹಾಕಿದ್ರು. ಉಂಡ ಮ್ಯಾಲ ನೋಡತೀನಿ, ಮಗ ಮಗ್ಗದ ಹಂತ್ಯಾಕ ಹುಡುಗಿ ಜೋಡಿ ನಕ್ಕೋತ ಮಾತಾಡಾಕಹತ್ಯಾನ. ಅಷ್ಟರಾಗ ನಮ್ಮವರ ಫೋನ್ ಬಂತು. ಜಕ್ಕಲಿ ಮುಟ್ಟೇನಿ, ನೀವ್ಯಾಕ ಗಾಡ್ಯಾಗ ಇಲ್ಲ, ಹುಡುಗಿ ಕಡೆಯವರು ಏನಂದ್ರು ಅಂತ ಮನಿಮಂದಿಗೆಲ್ಲಾ ಕೇಳೂಹಂಗ ಒದರಿದ್ರು. ಹುಡುಗಿ ಅಪ್ಪ ಮಗಳ ಮಾರಿ ನೋಡಿದ್ರು. "ಏನ ಹೇಳೂದವ್ವಾ ಇವರಿಗೆ?"

ಆಕಿ ಹಿರ್ಯಾರ ಮುಂದ ನಾಚಲಿಲ್ಲ, ಅಂಜಲಿಲ್ಲ.

"ಹುಡುಗ ಒಪ್ಪಿಗಿ ಅದಾನ. ಮದವಿಗೆ ಮಾವಾರ್ನ ಮಾತ್ರ ಬಸ್ಸಿನ್ಯಾಗ ಕರಕೊಂಡ ಬರ್ರಿ."