ಹಿರೇಬಾವಿಯ ಅಣುಭಯವನ್ನು ರದ್ದುಪಡಿಸುವ ಬಗ್ಗೆ

ಸಂಖ್ಯೆ: ಭಯ/ಬಾವಿ/11/1964-65
ಕಾರ್ಯಾಲಯ: ವಿಜಾಪುರ
ದಿನಾಂಕ: 18 ಮೇ 1964

ವಿಷಯ: ಬಬಲೇಶ್ವರ ರಸ್ತೆಯ ಗ್ರಾಮವೊಂದರ ಹಿರೇಬಾವಿಯಲ್ಲಿ ಅಣು ಸೇರಿಕೊಂಡಿದೆಯೆಂಬ ಸಾರ್ವಜನಿಕರ ಅಂಜಿಕೆ.

ಉಲ್ಲೇಖ: (1) ಗ್ರಾಮದ ಹಿರಿಯರಾದ ಗುರಲಿಂಗಪ್ಪನವರ ಅರ್ಜಿ. (2) ಸದರಿ ಅರ್ಜಿಯ ಜ್ಞಾಪನ. (3) ಸದರಿ ಜ್ಞಾಪನದ ಜ್ಞಾಪನ.

ಸಿಬ್ಬಂದಿಗೂ, ಅಂಜಿದ ಮತ್ತು ಅಂಜದೆ ಉಳಿದ ಸಾರ್ವಜನಿಕರಿಗೂ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ಕಳೆದ ದೀಪಾವಳಿಯ ನಂತರ ಕಲ್ಲು ಪರೀಕ್ಷಿಸುವ ಸಾಹೇಬರೊಬ್ಬರು ಜೀಪಿನಲ್ಲಿ ಸದರಿ ಗ್ರಾಮಕ್ಕೆ ಆಗಮಿಸಿದ್ದರು. ಅಣುಕಿರಣವಿದ್ದಲ್ಲಿ ಕಟಕಟ ಎನ್ನುವ ಪೆಟ್ಟಿಗೆ ಅವರ ಬಳಿ ಇತ್ತು. ಅದು ಕಣ್ಣಿಗೆ ಕಾಣದ, ವಾಸನೆಯಿಲ್ಲದ, ಅತಿಯಾದರೆ ಮೈಗೆ ಕೆಡುಕಾದ ವಸ್ತುವೆಂದು ಅವರು ಊರವರಿಗೆ ತಿಳಿಹೇಳಿದರು. ನಂತರ ಮುಖ ತೊಳೆಯಲು ಕೈಗಡಿಯಾರ ಬಿಚ್ಚಿ, ಹಿರೇಬಾವಿಯ ಕಟ್ಟೆಯ ಮೇಲೆ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟರು. ಕತ್ತಲಲ್ಲಿ ಹೊಳೆಯಲೆಂದು ಗಡಿಯಾರದ ಅಂಕಿಗಳಿಗೆ ಅಣುಕಿರಣ ಸೂಸುವ ರೇಡಿಯಂ ಬಳಿದಿತ್ತು. ಪೆಟ್ಟಿಗೆಯು ಹಂಚಿನಲ್ಲಿ ಜೋಳದ ಅರಳು ಸಿಡಿದಂತೆ ಕಟಕಟಿಸಿತು. ಸಾಹೇಬರಿಗೆ ಕಾರಣ ತಿಳಿದು ನಗು ಬಂತೆಂದು ಅವರೇ ನಂತರ ಇಲಾಖೆಗೆ ತಿಳಿಸಿದ್ದಾರೆ. ಅವರು ಗಡಿಯಾರ ಕಟ್ಟಿಕೊಂಡು, ಯಾರಿಗೂ ಏನೂ ಹೇಳದೆ ಹೊರಟುಹೋದರು.

2. ಅಂದಿನಿಂದ ಊರವರು ಹಿರೇಬಾವಿಯನ್ನು ಬಿಟ್ಟು ದೂರದ ಹಳ್ಳಕ್ಕೆ ಹೋಗುತ್ತಿರುವುದು ಗಮನಕ್ಕೆ ಬಂದಿದೆ. ಹಗ್ಗ ನೋಡಿ ಹಾವೆಂದರೆ ಕ್ಷಮಿಸಬಹುದು. ಇಲ್ಲಿ ಹಗ್ಗವೂ ಇರಲಿಲ್ಲ. ಆದಕಾರಣ ಈ ಕೆಳಗಿನವುಗಳಿಗೆ ಅಣುವನ್ನು ಹೊಣೆ ಮಾಡತಕ್ಕದ್ದಲ್ಲವೆಂದು ಈ ಮೂಲಕ ಸೂಚಿಸಲಾಗಿದೆ:
(ಅ) ಒಡೆದ ಹಾಲು.
(ಆ) ಸೊಸೆ ಎದುರುತ್ತರ ಕೊಡುವುದು.
(ಇ) ತಿಕೋಟಾ ಬಸ್ಸು ತಡವಾಗುವುದು. ಅಣುವಿನ ಸುದ್ದಿ ಬರುವ ಮೊದಲೂ ಅದು ತಡವಾಗಿಯೇ ಬರುತ್ತಿತ್ತು.

3. ಗಾಂಧಿ ಚೌಕದಲ್ಲಿ ಅಣುನಿವಾರಕ ತಾಯತ ಮಾರುತ್ತಿರುವವರು, ಅದೇ ತಾಯತವನ್ನು 1962ರಲ್ಲಿ ಚೀನಾದ ಸೈನ್ಯದ ವಿರುದ್ಧವೂ ಮಾರಿದ್ದರೆಂದು ವರದಿಯಾಗಿದೆ. ಒಂದು ತಾಯತಕ್ಕೆ ಒಂದೇ ಶತ್ರುವಿರತಕ್ಕದ್ದು.

4. ಹೊಳೆಯುವ ಗಡಿಯಾರವುಳ್ಳ ಸಿಬ್ಬಂದಿಯು ಬಾವಿ, ಕೆರೆ ಮತ್ತು ಕೊಡಗಳ ಸಮೀಪದಲ್ಲಿ ವೇಳೆ ನೋಡತಕ್ಕದ್ದಲ್ಲ. ವೇಳೆ ತಿಳಿಯಲೇಬೇಕಾದಲ್ಲಿ ಗಡಿಯಾರವಿಲ್ಲದವರನ್ನು ಕೇಳತಕ್ಕದ್ದು.

5. ಪುನರ್ ಪರಿಶೀಲನೆಗೆ ಹೋದ ಅಧಿಕಾರಿಯು ಕಂಡದ್ದೇನೆಂದರೆ, ಬಾವಿ ನಿರ್ಜನವಾಗಿರಲಿಲ್ಲ. ಊರ ಹೊರಗಿನ ಕೇರಿಯ ರಾಯಪ್ಪನ ಹೆಂಡತಿ ಪರಸವ್ವ ಅಲ್ಲಿ ನೀರು ಸೇದುತ್ತಿದ್ದಳು. ಮೊದಲು ಈಕೆಯ ಕುಲದವರು ಕಟ್ಟೆ ಹತ್ತುವಂತಿರಲಿಲ್ಲ. ಕೆಳಗೆ ಕೊಡವಿಟ್ಟು ನಿಂತರೆ, ಮೇಲಿನವರು ಮನಸ್ಸು ಬಂದಾಗ ಎತ್ತರದಿಂದ ಸುರಿಯುತ್ತಿದ್ದರು. ಅರ್ಧ ಕೊಡಕ್ಕೆ, ಅರ್ಧ ಸೀರೆಗೆ. ಊರವರು ಬಾವಿ ಬಿಟ್ಟ ಮೇಲೆ ಪರಸವ್ವ ತನ್ನದೇ ಹಗ್ಗ ತಂದಳು. ಮೊದಲ ದಿನ ಹಗ್ಗ ಇಳಿಬಿಡುವಾಗ ಆಕೆ ಅಂಜಿ ಹಿಂದೆ ತಿರುಗಿ ತಿರುಗಿ ನೋಡಿದಳು. ಅಣುವಿಗಲ್ಲ, ಯಾರಾದರೂ ನೋಡಿಯಾರೆಂದು. ಎರಡನೆಯ ಕೊಡ ತುಂಬಿದ ಮೇಲೆ ಆಕೆ ಕಟ್ಟೆಯ ಮೇಲೆಯೇ ಕುಳಿತು, ಯಾವ ಕೆಲಸವೂ ಇಲ್ಲದೆ, ಬಾವಿಯೊಳಗಿನ ನೀರನ್ನು ನೋಡಿದಳು. ಅಷ್ಟು ನೀರು ಅಲ್ಲಿದೆಯೆಂದು ಆಕೆಗೆ ಅದುವರೆಗೆ ಗೊತ್ತಿರಲಿಲ್ಲ.

6. ಅಂಜಿಕೆಯಾಗಲಿಲ್ಲವೇ ಎಂದು ವಿಚಾರಿಸಲಾಗಿ ಆಕೆಯ ಹೇಳಿಕೆಯು ಹೀಗಿದೆ: "ಕಣ್ಣಿಗಿ ಕಾಣಂಗಿಲ್ಲ, ವಾಸನಿ ಇಲ್ಲ, ಮುಟ್ಟಿದ್ರ ಹತ್ತತೈತಿ ಅಂತ ಊರಾಗ ಅಂದ್ರು. ನಮ್ಮನ್ನೂ ಹುಟ್ಟಿದಾಗಿಂದ ಹಂಗ ಅಂತಾರಲ್ರಿ ಯಪ್ಪಾ. ಹಂಗಾರ ಇದೂ ನಮ್ಮ ಕೇರಿದ ಇರಬೇಕು ಅನ್ಕೊಂಡೆ."

ಮೇಲಿನ ಹೇಳಿಕೆಯನ್ನು ಒಂದಕ್ಷರವೂ ತಿದ್ದದೆ ಕಡತಕ್ಕೆ ಸೇರಿಸಲಾಗಿದೆ.

7. ಬಾವಿಯ ನೀರು, ಕಲ್ಲು, ಪರಸವ್ವನ ಹಗ್ಗ, ಕೊಡ ಹಾಗೂ ಕೈಯನ್ನು ಅಂಥದೇ ಪೆಟ್ಟಿಗೆಯಿಂದ ಪರೀಕ್ಷಿಸಲಾಯಿತು. ಎಲ್ಲ ಊರಿನ ಎಲ್ಲ ನೆಲದಲ್ಲಿರುವಷ್ಟೇ ಕಟಕಟ ಕೇಳಿಬಂತು. ನೀರು ನಿರಪಾಯ. ಇದನ್ನು ಕೇಳಿ ಗುರಲಿಂಗಪ್ಪನವರು ಸಂತೋಷಪಟ್ಟು, "ಅಣು ಇಲ್ಲಂತ ಊರಾಗ ಡಂಗುರ ಹೊಡಸ್ರಿ ಸಾಹೇಬ್ರ. ಬಾವಿ ಬರಿದು ಮಾಡಿ ಗೋಮೂತ್ರ ಚಿಮುಕಸ್ತೀವಿ. ಆಮ್ಯಾಲ ಯಾರು ಎಲ್ಲಿ ನಿಂದರಬೇಕು ಅನ್ನೂದು ನಾವು ನೋಡ್ಕೋತೀವಿ" ಎಂದರು. ಅಸ್ಪೃಶ್ಯತೆಯನ್ನು ಕಾಯಿದೆಯು ರದ್ದುಪಡಿಸಿ ವರ್ಷಗಳಾಗಿವೆ. ಕಾಯಿದೆಯ ಪ್ರತಿಯು ಬಹುಶಃ ಕಲಂ 2(ಇ)ರ ಬಸ್ಸಿನಲ್ಲಿದೆ.

8. ಅಧಿಕಾರಿಯು ಜೀಪು ಹತ್ತುವಾಗ ಪರಸವ್ವ ಬಂದು, "ಯಪ್ಪಾ, ನಿಮ್ಮ ಕಾಲಿಗಿ ಬೀಳ್ತೇನಿ, ಅದು ಹೋತು ಅಂತ ಹೇಳಬ್ಯಾಡ್ರಿ. ಇದ್ರ ಇರವಲ್ದ್ಯಾಕ, ನಿಮಗೇನ ತ್ರಾಸು?" ಎಂದು ಮೌಖಿಕ ಮನವಿ ಸಲ್ಲಿಸಿದಳು. ಭಯವನ್ನು ನಿವಾರಿಸಲು ಹೋದ ಅಧಿಕಾರಿಗೆ ತನ್ನ ಕೆಲಸದ ಬಗ್ಗೆಯೇ ನಾಚಿಕೆಯಾಯಿತೆಂದು ಇಲ್ಲಿ ದಾಖಲಿಸಲಾಗಿದೆ.

9. ಇಲಾಖೆಯು ಸುಳ್ಳು ಹೇಳಲಾರದು. ಆದ್ದರಿಂದ ಬಾವಿಯು ನಿರಪಾಯವೆಂದು ಈ ಮೂಲಕ ಘೋಷಿಸಲಾಗಿದೆ. ಆದರೆ ಊರಲ್ಲಿ ಡಂಗುರ ಸಾರಿದ ಹೊರತು ಯಾವ ಘೋಷಣೆಯೂ ಜಾರಿಗೆ ಬಂದಂತಲ್ಲ. ಡಂಗುರ ಸಾರುವ ಕೆಲಸವು ವಂಶಪಾರಂಪರ್ಯವಾಗಿ ಪರಸವ್ವನ ಗಂಡ ರಾಯಪ್ಪನದು. ಬೇರೆಯವರು ಡಂಗುರದ ಹಲಗೆ ಮುಟ್ಟಿದರೆ ಅವರಿಗೆ ಮೈಲಿಗೆಯೆಂದು ಗುರಲಿಂಗಪ್ಪನವರೇ ಲಿಖಿತವಾಗಿ ತಿಳಿಸಿದ್ದಾರೆ.

10. ಹಲಗೆಯ ಚರ್ಮ ಸಡಿಲಾಗಿದ್ದು, ಅದು ಕಾದು ಬಿಗಿಯಾಗುವಷ್ಟು ಬಿಸಿಲು ಸದ್ಯಕ್ಕೆ ಬೀಳುತ್ತಿಲ್ಲವೆಂದು ರಾಯಪ್ಪನು ವರದಿ ಮಾಡಿರುತ್ತಾನೆ. ಇದು ವಿಜಾಪುರ ಜಿಲ್ಲೆಯ ಮೇ ತಿಂಗಳೆಂಬುದು ಇಲಾಖೆಗೆ ತಿಳಿದಿದೆ. ವರದಿಯನ್ನು ಅಂಗೀಕರಿಸಲಾಗಿದೆ. ಹಲಗೆ ಕಾದ ದಿನದಿಂದ ಈ ಸುತ್ತೋಲೆಯು ಜಾರಿಗೆ ಬರತಕ್ಕದ್ದು.

(ಸಹಿ)
ಶಿವಯೋಗೆಪ್ಪ
ಪ್ರಭಾರ ಅಧಿಕಾರಿ, ಭಯ ನಿವಾರಣಾ ಶಾಖೆ

ಪ್ರತಿಗಳು:
1. ಗುರಲಿಂಗಪ್ಪನವರಿಗೆ: ತಾಳ್ಮೆಗಾಗಿ.
2. ಕಲ್ಲು ಪರೀಕ್ಷಿಸುವ ಸಾಹೇಬರಿಗೆ: ಮುಂದೆ ನಗುವಾಗ ಕಾರಣ ಹೇಳಿ ನಗಲು.
3. ಕಾರ್ಯಾಲಯದ ಸೂಚನಾ ಫಲಕಕ್ಕೆ: ಬರಹದ ಮಗ್ಗುಲು ಗೋಡೆಗೆ ಇರುವಂತೆ.
4. ರಾಯಪ್ಪನಿಗೆ: ಸಾರುವುದಕ್ಕಾಗಿ. ಅವಸರವಿಲ್ಲ.
5. ಪರಸವ್ವನಿಗೆ: ಪ್ರತಿ ಕೊಟ್ಟಿಲ್ಲ. ನೀರು ಸೇದುತ್ತಿದ್ದಾಳೆ, ಕೈ ಬಿಡುವಿಲ್ಲ.