ಸಕ್ರಪ್ಪನ ವಿಯೆಟ್ನಾಂ ಸಲಹೆಗಳು

ಹನ್ನೊಂದೇ ಹನ್ನೊಂದು ಚೀಲ! ಇನ್ನು ಹನ್ನೊಂದು ಚೀಲ ಗೋವಿನಜೋಳದ ಬೀಜ ಮಾರಿದ್ದರೆ, ಬೀಜದ ಕಂಪನಿಯವರು ಸಕ್ರಪ್ಪನನ್ನೂ ಅವನ ಹೆಂಡತಿ ಶಿವಲಕ್ಷ್ಮಿಯನ್ನೂ ಪುಕ್ಕಟೆಯಾಗಿ ವಿಯೆಟ್ನಾಮಿನ ಸಮುದ್ರ ತೋರಿಸಲು ಕರೆದೊಯ್ಯುತ್ತಿದ್ದರು. ಈಗ ಹೊರಟಿರುವುದು ಯಾರು? ಲಕ್ಷ್ಮೇಶ್ವರದ ಅದೇ ಓಣಿಯಲ್ಲಿ, ಸಕ್ರಪ್ಪನ ಅಂಗಡಿಯ ಎದುರಿಗೇ ಬೀಜದ ಅಂಗಡಿ ಇಟ್ಟ ಹೊನ್ನೇಶ! ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಗದಿದ್ದರೆ ವಾಂತಿ ಮಾಡಿಕೊಳ್ಳುವ ಮಹಾನುಭಾವ!

ಸಕ್ರಪ್ಪನ ಹೊಟ್ಟೆ ಸುಮ್ಮನೆ ಉರಿಯಲಿಲ್ಲ. ಟಾರ್ಗೆಟ್ ಮುಟ್ಟಿಯೇ ಮುಟ್ಟುತ್ತದೆಂದು ಬಿತ್ತನೆ ಶುರುವಾಗುವ ಮೊದಲೇ ಗಂಡ ಹೆಂಡತಿ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿ, ಓಣಿಗೆಲ್ಲ ಪೇಢೆ ಹಂಚಿದ್ದ. (ಹೊನ್ನೇಶ ಎರಡು ತಿಂದಿದ್ದ.) ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ವಿದೇಶ ಪ್ರವಾಸದ ಮಹಾಪಂಡಿತನಾಗಿ, ದಿನಾ ಊಟದ ಹೊತ್ತಿಗೆ ಹೆಂಡತಿಗೆ ಪಾಠ ಹೇಳಿದ್ದ. ಪಾಸ್‌ಪೋರ್ಟಿನ ಝೆರಾಕ್ಸ್ ಬೇರೆ ಚೀಲದಲ್ಲಿಡು, ನಲ್ಲಿ ನೀರು ಕುಡಿಯಬೇಡ, ಕಟಕ ರೊಟ್ಟಿ ಶೇಂಗಾ ಚಟ್ನಿ ಮರೆಯಬೇಡ. ಆಕೆ ಹೂಂಗುಟ್ಟುತ್ತ ಕೇಳಿದ್ದಳು. ಈಗ ಅವನಿಗೆ ಉಳಿದದ್ದು ಒಂದೇ ಆಸೆ: ತಾನು ಹೋಗದಿದ್ದರೆ ಸಾಯಲಿ, ಹೊನ್ನೇಶ ಮಾತ್ರ ಹೋಗಕೂಡದು!

ಅಷ್ಟರಲ್ಲಿ ಹೊನ್ನೇಶನೇ ಅಂಗಡಿಗೆ ಬಂದ.

“ಸಕ್ರಣ್ಣಾ, ಈ ಓಣ್ಯಾಗ ಇದೆಲ್ಲಾ ತಿಳದಾಂವ ನೀ ಒಬ್ಬನ. ಅಲ್ಲಿ ಹೆಂಗಿರಬೇಕು, ಸ್ವಲ್ಪ ಹೇಳಪಾ.”

ಸಕ್ರಪ್ಪ ಹಲ್ಲು ಕಿರಿದು ಕುರ್ಚಿ ಸರಿಸಿದ. ಚಹಾ ಬೇರೆ ತರಿಸಿದ.

“ಕುಂದ್ರು. ಮೊದಲನೇದ್ದು, ಸಮುದ್ರದ ದಂಡಿಗೆ ಹೋಗಲೇಬ್ಯಾಡ. ಕಾಲಬುಡಕಿನ ಉಸುಕು ಜಾರಿ ಮನಷ್ಯಾನ್ನ ಹಂಗ ಒಳಗ ಎಳಕೊಂತೈತಿ.”

“ಖರೇನ?”

“ಎರಡನೇದ್ದು, ರಸ್ತೆ. ಅಲ್ಲಿ ಬೈಕು ನಿಲ್ಲಂಗೇ ಇಲ್ಲ. ದಾಟಾಕ ಹೋದಾಂವ ಆ ಕಡೆ ಮುಟ್ಟಿದ್ದು ನಾ ಒಂದ ವಿಡಿಯೋದಾಗೂ ನೋಡಿಲ್ಲ.”

“ಮತ್ತ ಊಟ?”

“ಬದನಿಕಾಯಿ ಅಂತ ಬಾಯಾಗ ಇಟ್ಕೊಂಡಿ ಅಂದ್ರ, ಅದು ಹಾವಿನ ತುಂಡು!”

“ಶಿವಶಿವಾ!” ಎಂದು ಹೊನ್ನೇಶ ಕೊರಳ ಲಿಂಗ ಮುಟ್ಟಿಕೊಂಡ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಮರುದಿನ ಓಣಿಯೆಲ್ಲ ಒಂದೇ ಖಬರು: ಹೊನ್ನೇಶ ಹೋಗುವುದಿಲ್ಲವಂತೆ! ಸಕ್ರಪ್ಪನ ಹೊಟ್ಟೆ ತಣ್ಣಗಾಯಿತು. ಆ ಖುಷಿಗೆ ಸಂಜೆ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಬಂದು, ಹೆಂಡತಿಯ ಎದುರು ತಿನ್ನುತ್ತ ಕೂತಿದ್ದಾಗ, ಹೊನ್ನೇಶನ ಹೆಂಡತಿ ರೇಷ್ಮಾ ಒಳಗೆ ಬಂದಳು.

“ನಮ್ಮನಿಯವ್ರು ಒಲ್ಲೆ ಅಂತ ಕುಂತಾರ್ರಿ. ಅವರ ಟಿಕೀಟು ಯಾಕ ಹಾಳ ಮಾಡೋದು? ಪಾಸಪೋರ್ಟ ಇದ್ದವರ ಹೆಸರು ಕೊಟ್ರ ಕಂಪನ್ಯಾವ್ರು ಬದಲಿ ಮಾಡ್ತಾರಂತ. ಓಣ್ಯಾಗ ನಮ್ಮನಿ ಬಿಟ್ರ ಪಾಸಪೋರ್ಟ ಇರೋದು ನಿಮ್ಮನ್ಯಾಗ ಅಷ್ಟ.”

ಸಕ್ರಪ್ಪ ಭಜಿ ಕೆಳಗಿಟ್ಟು ಎದ್ದೇ ನಿಂತ. “ನಾ ತಯಾರ ಅದೀನಿ ನೋಡವಾ!”

“ಅಯ್ಯ, ನಿಮ್ಮ ಕೂಡ ನಾ ಹೋಗಲೇನ್ರಿ ಅಣ್ಣಾರ? ನೋಡಿದ ಮಂದಿ ಏನಂದಾರು! ನಾ ಕರಿಯಾಕ ಬಂದದ್ದು ಅಕ್ಕಾರನ್ನ.”

“ಆಗ್ಲೇಳವಾ,” ಅಂದಳು ಶಿವಲಕ್ಷ್ಮಿ, ಕಣ್ಣು ಸಹ ಮಿಟುಕಿಸದೆ. “ಯಾವತ್ತ ಹೊರಡೋದು?”

“ಏ, ಅಲ್ಲಿ ಉಸುಕು ಎಳಕೊಂತೈತಿ!”

“ಕೆಂಪು ಬಾವುಟ ಹಚ್ಚಿದಲ್ಲಿ ಇಳೀಲಿಲ್ಲಂದ್ರ ಏನೂ ಆಗಂಗಿಲ್ಲ ಅಂತ ನೀವ ಹೇಳೀರಿ.”

“ರಸ್ತೆ ದಾಟಾಕ…”

“ಓಡಬಾರದು, ಸಾವಕಾಶ ನಡೀಬೇಕು, ಬೈಕಿನವರು ನಮ್ಮನ್ನ ಸುತ್ತ ಹಾಕಿ ಹೋಗ್ತಾರ. ಅದನ್ನೂ ನೀವ ಕಲಿಸೀರಿ.”

“ನನ್ನ ಊಟ?” ಅಂದ ಸಕ್ರಪ್ಪ.

“ಹಿಟ್ಟು ಡಬ್ಬ್ಯಾಗ ಐತಿ.”

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಸಕ್ರಪ್ಪನ ಮೊಬೈಲಿಗೆ ಫೋಟೋ ಬಂತು. ಮೊಣಕಾಲುದ್ದ ನೀರಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಇಬ್ಬರು ಹೆಂಗಸರು. ಕಣ್ಣಿಗೆ ಕರಿ ಚಸ್ಮಾ, ಕೈಯಲ್ಲಿ ಎಳನೀರು, ಮುಖದ ತುಂಬ ನಗು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಶಿವಲಕ್ಷ್ಮಿ ಅವನ ಪಕ್ಕ ನಿಂತು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಇದುವರೆಗೆ ಹೊನ್ನೇಶನ ಮೇಲಿದ್ದ ಹೊಟ್ಟೆಕಿಚ್ಚು ಈಗ ಸ್ವಂತ ಹೆಂಡತಿಯ ಮೇಲೆ ತಿರುಗಿತು. ಹಂಚಿನ ಮೇಲೆ ರೊಟ್ಟಿ ಹೊತ್ತಿದ್ದು ಅವನಿಗೆ ಗೊತ್ತಾಗಲಿಲ್ಲ.

ಬಾಗಿಲಲ್ಲಿ ತಾಟು ಹಿಡಿದುಕೊಂಡು ಹೊನ್ನೇಶ ನಿಂತಿದ್ದ. ಅವನ ಕಣ್ಣು ತುಂಬಿತ್ತು.

“ಸಕ್ರಣ್ಣಾ, ಹೋಗಿದ್ರ ಇಷ್ಟೊತ್ತಿಗೆ ಸತ್ತಿರ್ತಿದ್ದೆ. ನನ್ನ ಜೀವಾ ಉಳಿಸಿದಿ ನೋಡು! ಅವರು ಬರೂತನ ನಿನ್ನ ಮನ್ಯಾಗ ಉಣ್ಣಂತ ರೇಷ್ಮಾ ಹೇಳಿ ಹೋಗ್ಯಾಳ. ಸ್ವಲ್ಪ ತೆಳ್ಳಗ ಬಡಿಯಪಾ, ನನಗ ದಪ್ಪ ರೊಟ್ಟಿ ಸೇರಂಗಿಲ್ಲ.”