ವ್ಯಾಳ್ಯಾಕ್ಕ ಸರಿಯಾಗಿ ಡೈರಿಗೆ

ನಾ ಹರೇದಾಗ ಇದ್ದಾಗ ಚಿಕ್ಕೋಡಿ ಬಸ್ಸಿನ ಡ್ರೈವರ್ ನನ್ನ ನೋಡಿ ತನ್ನ ಗಡಿಯಾರ ಸರಿ ಮಾಡ್ಕೊತಿದ್ದ. ನಾ ಎತ್ತ ಹೊಡಕೊಂಡ ರಸ್ತಾ ದಾಟಿದ್ರ ಸಾಕು, ಹಾರ್ನ್ ಹೊಡದ ಬಸ್ ಬಿಡತಿದ್ದ. ಆ ಡ್ರೈವರ್ ಸತ್ತಾನ, ಕಂಡಕ್ಟರನೂ ಸತ್ತಾನ, ಬಸ್ ಗುಜರಿಗೆ ಹೋಗೇತಿ. ಸುಳ್ಳ ಅನ್ನಾವ್ರು ಯಾರೂ ಉಳದಿಲ್ಲ.

ಅಂಥಾ ನನಗ ಈಗ ದಿನಾ ಒಂದ ಫಜೀತಿ. ಹಾಲ ತಗೊಂಡ ಹೋಗೂದ್ರಾಗ ಡೈರಿ ಬಾಗಲಾ ಹಾಕಿರ್ತೈತಿ. ಹೇಣ್ತಿ, ನಮ್ಮ ಮುದಕಿ, ಅಂದ್ಲು: "ತಿಳದವ್ರನ್ನ ಕೇಳಿ ವ್ಯಾಳ್ಯಾ ಪಾಳಸೂದ ಕಲಿ. ಇಲ್ಲಂದ್ರ ಡೈರಿಗೆ ಸೊಸಿ ಹೋಗ್ತಾಳ, ನೀ ಮನ್ಯಾಗ ಕುಂತ ಶೇಂಗಾ ಒಡಿ."

ಅಂದ್ರ ಡೈರಿ ಮುಂದಿನ ಚಾದಂಗಡಿ ಕಟ್ಟಿ, ನಾಕ ಮಂದಿ, ನನ್ನ ಮಾತು, ಎಲ್ಲಾ ಬಂದ್! ಹೆದರಿ ಮಂದಿ ಬುದ್ಧಿಮಾತ ಕೇಳಾಕ ಹೊಂಟ್ನಿ.

ಮಾಸ್ತರ್ ಹೇಳಿದ್ದು

ರಿಟೈರ್ ಆದ ಮಾಸ್ತರ್ ಅಂದ್ರು, "ಕಾಕಾ, ಭಾಳ ತ್ರಾಸಿನ ಕೆಲಸ ಮುಂಜಾನೆ ಮೊದಲ ಮುಗಸ್ರಿ. ಆಮ್ಯಾಲಿಂದೆಲ್ಲಾ ಹಗುರ."

ಕಬ್ಬ ಕಡಿಯೂದು, ಸಗಣಿ ಬಳಿಯೂದು, ಎಲ್ಲಾ ಮನಸಿನ್ಯಾಗ ತೂಗಿ ನೋಡಿದ್ನಿ. ನಮ್ಮ ಮನ್ಯಾಗ ತ್ರಾಸಿನ ಕೆಲಸ ಒಂದ. ನಸಕಿನ್ಯಾಗ ಮುದಕಿನ್ನ ಎಬ್ಬಿಸಿ ಕೇಳಿದ್ನಿ, "ನಿನ್ನೆ ಯಾಕ ಸಿಟ್ಟಾಗಿದ್ದಿ?"

ಆಕಿ ನಿನ್ನೆದ್ದು ಹೇಳಿದ್ಲು. ಅಲ್ಲಿಂದ ನಮ್ಮ ಲಗ್ನದ ಊಟದಾಗ ನಮ್ಮಕ್ಕ ಏನ ಅಂದಿದ್ಲು ಅಲ್ಲೀತನಕ ಹೋದ್ಲು. ಅಲ್ಲಿಂದ ತಿರಗಿ ಬರೂದ್ರಾಗ ಡೈರಿ ಬಂದ್.

ಮಾಸ್ತರ್ ಹಣಿ ಬಡಕೊಂಡ್ರು: "ತ್ರಾಸಿನ ಕೆಲಸ ಅಂದಿದ್ನಿ ಕಾಕಾ, ಮುಗೀಲಾರದ ಕೆಲಸ ಅಂದಿರಲಿಲ್ಲ!"

ಟ್ರ್ಯಾಕ್ಟರಿನಾಂವ ಹೇಳಿದ್ದು

ಕಬ್ಬಿನ ಟ್ರ್ಯಾಕ್ಟರ್ ಹೊಡಿಯಾಂವ ಅಂದ, "ಅಲಾರಾಂ ಹಚ್ಚಿ ಮೊಬೈಲ್ ದೂರ ಇಡು ಕಾಕಾ. ಬಂದ್ ಮಾಡಾಕರ ಏಳ್ತಿ."

ದನದ ಕೊಟಗ್ಯಾಗ ಇಟ್ನಿ. ದಿನಾ ಅದು ಮರಾಠಿ ಹಾಡ ಹೇಳೂದು, ನಾ ಎದ್ದ ಎಮ್ಮಿ ಹಿಂಡೂದು. ವಾರದಾಗ ಎಮ್ಮಿ ಎಷ್ಟ ಶಾಣ್ಯಾ ಆತಂದ್ರ, ಹಾಡ ಕೇಳಿದ್ರ ಸಾಕು, ತಾನ ಹಾಲ ಬಿಡಾಕತ್ತು. ಫೋನ್ ಬಂದ್ರೂ ಅದ ಹಾಡ. ಒಂದಿನಾ ಮಧ್ಯಾಹ್ನ ನಿಪ್ಪಾಣಿಯಿಂದ ಅಳಿಯಾ ಫೋನ್ ಹಚ್ಚಿದ. ನಾ ಓಡಿ ಹೋಗಿ "ಹಲೋ" ಅನ್ನೂದ್ರಾಗ ಕೊಟಗಿ ತುಂಬ ಹಾಲು!

ಆಮ್ಯಾಲೆ ಒಂದ ಮುಂಜಾನೆ ಮೊಬೈಲ್ ಸತ್ತ ಬಿದ್ದಿತ್ತು, ಕರೆಂಟೂ ಇಲ್ಲ. ಕರೆಂಟ್ ಬರೂತನಕ ಎಮ್ಮಿ ಒಂದ ಹನಿ ಬಿಡಲಿಲ್ಲ. ಡೈರಿ ಬಂದ್. ಅವತ್ತಿಂದ ಮಂದಿ ಮೊಬೈಲ್ ಚಾರ್ಜ್ ಮಾಡ್ತಾರ, ನಾ ಎಮ್ಮಿ ಚಾರ್ಜ್ ಮಾಡ್ತೀನಿ.

ಸೊಸಿ ಹೇಳಿದ್ದು

ಸೊಸಿ ಅಂದ್ಲು, "ಮಾವಾರ, ಗಡಿಯಾರ ಸ್ವಲ್ಪ ಮುಂದ ಇಡ್ರಿ."

ಇಟ್ನಿ. ನಾ ಮರತೀನಂತ ಮುದಕಿ ಮತ್ತಷ್ಟ ಮುಂದ ಇಟ್ಲು. ಇದ್ಯಾವದೂ ಗೊತ್ತಿಲ್ಲದ ಮಗಾನೂ ತಿರವಿದ. ಮರದಿನಾ ಡೈರಿಗೆ ಹೋದ್ರ ಊರಾಗ ಕೋಳಿನೂ ಎದ್ದಿರಲಿಲ್ಲ. ಇವತ್ತ ಮೊದಲನೇ ನಂಬರ್ ನಂದ ಅಂತ ಹಾಲಿನ ಕ್ಯಾನ್ ಬಾಜೂಕ ಇಟ್ಟ ಕಟ್ಟಿ ಮ್ಯಾಲ ಅಡ್ಡಾದ್ನಿ. ಎದ್ದ ನೋಡಿದ್ರ ಬಿಸಲು! ಎಲ್ಲಾರೂ ನನ್ನ ದಾಟಿ ಹಾಲ ಹಾಕಿ ಹೋಗ್ಯಾರ, ಬಾಗಲಾ ಹಾಕೇತಿ. ಎಲ್ಲಾರಕಿಂತ ಮೊದಲ ಬಂದ ಎಲ್ಲಾರಕಿಂತ ತಡಾ ಆದಾಂವ ಈ ತಾಲೂಕಿನ್ಯಾಗ ನಾ ಒಬ್ಬನ.

ಮುದಕಿ ಅಂದ್ಲು, "ನಾಳೆ ಒಂದ ಕಡೀ ಸಲ ನೋಡ್ತೀನಿ."

ಕಡೀ ಸಲ

ಇವತ್ತ ಹೊತ್ತಿಗೆ ಸರಿಯಾಗಿ ಬಂದ್ನಿ. ಡೈರಿ ಮುಂದ ಪಾಳಿ ಇತ್ತು. ಪಾಳಿ ಕರಗಲಿ ಅಂತ ಚಾದಂಗಡಿ ಕಟ್ಟಿ ಮ್ಯಾಲ ಕುಂತ, ಬಸ್ಸಿನ ಕತಿಯಿಂದ ಹಿಡದ ಸೊಸಿ ಗಡಿಯಾರದತನಕ ಎಲ್ಲಾ ಹೇಳಿದ್ನಿ. ಮಂದಿ ಹೊಟ್ಟಿ ಹಿಡಕೊಂಡ ನಗಾಕತ್ತಿದ್ರು.

ಚಾದಂಗಡಿಯಾಂವ ನಡಕ ಬಾಯಿ ಹಾಕಿದ: "ಕಾಕಾ, ಬಸ್ಸಿನ ಡ್ರೈವರ್ ನಿನ್ನ ನೋಡಿ ಗಡಿಯಾರ ಸರಿ ಮಾಡ್ಕೊತಿದ್ನಲ್ಲ? ಸ್ವಲ್ಪ ಹಿಂದ ತಿರಗಿ ನೋಡು."

ನೋಡಿದ್ನಿ. ಡೈರಿಯಾಂವ ಕೀಲಿ ಹಾಕಿ ಗಾಡಿ ಹತ್ತಿ ಹೊಂಟಿದ್ದ. ನನ್ನ ಕ್ಯಾನ್ ಕಾಲ ಬುಡಕ ತುಂಬಿದ್ದು ತುಂಬಿದಾಂಗ ಇತ್ತು.

ಟೊಪಗಿ ಸರಿ ಮಾಡ್ಕೊಂಡ ಕ್ಯಾನ್ ಚಾದಂಗಡಿಯಾವನ ಮುಂದ ಇಟ್ನಿ. "ಇರಲಿ ಬಿಡೋ. ಎಲ್ಲಾರಿಗೂ ಚಾ ಇಡು, ಇವತ್ತಿನ ಹಾಲು ನಂದು."